ವರ್ಷಕ್ಕೊಮ್ಮೆ ಶ್ರೀಶೈಲ, ದಿನಾಲೂ ಕುಂಬಾರ ಓಣಿ

ಒಂದು ಪೇಟೆಯೂರಿನಲ್ಲಿದ್ದ ನೀರಿನ ಸಾಹುಕಾರನೊಬ್ಬ, ಹದಿನಾರು ವರ್ಷದ ಕೆಳಗೆ, ಒಬ್ಬ ಹೆಣ್ಣುಮಗಳಿಗೆ ಒಂದು ಮಾತು ಕೊಟ್ಟ. ಹೆಸರು ಕೇಳಬೇಡಿ. ಹೆಸರು ಹೇಳಿದರೆ ನೀವೆಲ್ಲ ಕತ್ತು ತಿರುಗಿಸಿ ಅವನ ಕಡೆ ನೋಡುತ್ತೀರಿ, ನಿಮ್ಮ ಕಡೆ ನೋಡಿಕೊಳ್ಳುವುದಿಲ್ಲ.

ನೀರಿನ ಸಾಹುಕಾರ ಅಂದರೆ ಕೆರೆ ಬಾವಿ ಇದ್ದವನಲ್ಲ. ನೀರು ಸೋಸಿ, ಇಪ್ಪತ್ತು ಲೀಟರಿನ ಕ್ಯಾನಿಗೆ ತುಂಬಿ, ಮನೆ ಮನೆಗೆ ಮುಟ್ಟಿಸುವವನು. ಆಗ ಅವನಿನ್ನೂ ಪೂರಾ ಸಾಹುಕಾರನಾಗಿರಲಿಲ್ಲ. ಇದ್ದದ್ದು ಸೋಸುವ ಮಷೀನು ಒಂದು, ಯಾರೋ ಓಡಿಸಿ ಬಿಟ್ಟ ಡೀಸೆಲ್ ಪಿಕಪ್ ಒಂದು, ಅದಕ್ಕೊಬ್ಬ ಡ್ರೈವರ್, ಜೊತೆಗೆ ಆ ಡ್ರೈವರನ ಹೆಂಡತಿ. ಗಂಡ ಕ್ಯಾನು ಹೆಗಲಿಗೇರಿಸಿ ಮೆಟ್ಟಿಲು ಹತ್ತುತ್ತಿದ್ದ. ಹೆಂಡತಿ ಗಾಡಿಯ ಹಿಂದೆ ನಿಂತು ತುಂಬಿದ್ದನ್ನು ಎಳೆದುಕೊಡುತ್ತಿದ್ದಳು, ಖಾಲಿಯಾದದ್ದನ್ನು ಒಳಗೆ ಜೋಡಿಸುತ್ತಿದ್ದಳು. ಗಾಡಿಯ ಸೆಲ್ಫ್ ಕೆಟ್ಟಿತ್ತು. ಬಂದ್ ಮಾಡಿದರೆ ಮತ್ತೆ ಚಾಲೂ ಮಾಡಲು ನಾಲ್ಕು ಜನ ನೂಕಬೇಕು. ಇಪ್ಪತ್ತು ಹೆಜ್ಜೆಗೊಂದು ಮನೆ, ಮನೆಗೊಮ್ಮೆ ಯಾರು ನೂಕುತ್ತಾರೆ? ಹಾಗಾಗಿ ಹೊತ್ತು ಮೂಡಿದಾಗಿನಿಂದ ಮಧ್ಯಾಹ್ನದವರೆಗೆ ಎಂಜಿನ್ ಗುಡುಗುಡು ಅನ್ನುತ್ತಲೇ ಇರಬೇಕು. ನೋಡಿ, ಗಾಡಿಗೆ ಎಂಜಿನ್ ಮುಂದೆ, ಹೊಗೆ ಹಿಂದೆ. ಹಿಂದೆ ನಿಂತವರು ಯಾರು?

ಒಂದು ದಿನ ಆಕೆ ಸೆರಗಿನಿಂದ ಮುಖ ಒರೆಸಿಕೊಂಡು, ಕಪ್ಪಾದ ಸೆರಗನ್ನು ಅವನ ಮುಂದೆ ಹಿಡಿದಳು. ‘ಸಾವ್ಕಾರ್ರ, ಮಂದಿಗೆ ನೀರು ಕುಡಸಾಕ ಬಂದು ನಾ ಹೊಗಿ ಕುಡ್ಯಾಕತ್ತೀನ್ರಿ.’

ಅವನು ನಕ್ಕ. ಕೆಟ್ಟ ಮನುಷ್ಯ ಅಲ್ಲ ಅವನು, ಮನಸ್ಸು ಕರಗಿತು. ‘ತಂಗೀ, ಹೊಗಿ ಬಿಡಲಾರದ ಗಾಡಿ ಈ ಊರಿಗೆ ಬರ್ಲಿ, ಮೊದಲನೇದು ನಾನ ತಗೋತೀನಿ. ನಿನ್ನ ಅದರ ಹಿಂದ ನಿಂದರಸ್ತೀನಿ. ಶ್ರೀಶೈಲದ ಮಲ್ಲಯ್ಯನ ಆಣಿ!’

ಆಗ ಅಂಥ ಗಾಡಿ ಆ ಊರಲ್ಲಿ ಯಾರೂ ಕಂಡಿರಲಿಲ್ಲ, ಕೇಳಿರಲಿಲ್ಲ. ಇಲ್ಲದ ವಸ್ತುವಿನ ಮೇಲೆ ಮಾತು ಕೊಡುವುದು ಎಷ್ಟು ಸುಲಭ ಅಲ್ಲವೇ? ಕೋಳಿಗೆ ಹಲ್ಲು ಬಂದ ದಿನ ಸಾಲ ತೀರಿಸುತ್ತೇನೆ ಅಂದ ಹಾಗೆ. ಅಂದವನಿಗೂ ಖುಷಿ, ಅನ್ನಿಸಿಕೊಂಡವಳಿಗೂ ಖುಷಿ.

ವರ್ಷಗಳು ಹೋದವು. ಸಾಹುಕಾರನ ಮಷೀನು ಒಂದಿದ್ದದ್ದು ಮೂರಾಯಿತು. ಮನೆ ಮೇಲೆ ಮನೆ ಎದ್ದಿತು. ಪಿಕಪ್ಪು ಹೋಗಿ ಬೇರೆ ಪಿಕಪ್ಪು ಬಂತು, ಅದೂ ಡೀಸೆಲ್ಲೇ, ಅದೂ ಇನ್ನೊಬ್ಬರು ಓಡಿಸಿದ್ದೇ. ಅದರ ಸೆಲ್ಫ್ ನೆಟ್ಟಗಿತ್ತು. ಆದರೆ ಅಷ್ಟರಲ್ಲಿ ರೂಢಿಯೇ ಬಿದ್ದುಬಿಟ್ಟಿತ್ತು, ಎಂಜಿನ್ ಬಂದ್ ಮಾಡುವುದು ಯಾರಿಗೂ ಹೊಳೆಯಲಿಲ್ಲ. ಆಕೆಗೆ ಕೆಮ್ಮು ಹತ್ತಿತು. ಎಂಥ ಕೆಮ್ಮು ಗೊತ್ತೇ? ಓಣಿಯ ಹೆಂಗಸರು ಹಾರ್ನಿಗೆ ಕಾಯುತ್ತಿರಲಿಲ್ಲ. ಆಕೆ ಕೆಮ್ಮಿದ್ದು ಕೇಳಿಸಿದರೆ ಸಾಕು, ನೀರಿನ ಗಾಡಿ ಬಂತೆಂದು ಖಾಲಿ ಕ್ಯಾನು ತಂದು ಬಾಗಿಲಿಗಿಡುತ್ತಿದ್ದರು.

ಅಂತೂ ಒಂದು ದಿನ ಹೊಗೆ ಬಿಡದ ಗಾಡಿ ಊರಿಗೆ ಬಂತು. ಕರೆಂಟಿನ ಪಿಕಪ್. ಶೋರೂಮಿನವನು ಸಾಹುಕಾರನ ಅಂಗಳಕ್ಕೇ ತಂದು ನಿಲ್ಲಿಸಿ, ‘ನಾಲ್ಕು ದಿನ ಓಡಿಸಿ ನೋಡ್ರಿ, ಆಮ್ಯಾಲ ಮಾತಾಡೋಣು’ ಅಂದ.

ಸಾಹುಕಾರ ವ್ಯಾಪಾರಸ್ಥ. ಸುಮ್ಮನೆ ಬೀಳುವವನಲ್ಲ. ‘ಎಷ್ಟು ಹೊರ್ತೈತಿ?’ ಅಂದ. ಒಂದು ಟನ್ನು. ಅವನ ಕ್ಯಾನು ನಲವತ್ತೈದು, ಟನ್ನಿನ ಒಳಗೇ ಬಂತು. ‘ಎಷ್ಟು ದೂರ ಹೋಗ್ತೈತಿ?’

ಶೋರೂಮಿನವನು ಸುಳ್ಳು ಹೇಳಲಿಲ್ಲ. ‘ಪುಸ್ತಕದಾಗ ಜಾಸ್ತಿ ಬರ್ದಾರ್ರಿ. ನೀವು ತುಂಬ ಹೇರಿ, ದಿಬ್ಬ ಹತ್ತಿಸಿದ್ರ ನೂರು ಕಿಲೋಮೀಟರ್ ಅಂತ ಹಿಡೀರಿ. ರಾತ್ರಿ ಏಳು ತಾಸು ಚಾರ್ಜಿಗೆ ಹಾಕ್ಬೇಕು. ರಾತ್ರಿ ಕರೆಂಟ್ ಹೋದ್ರ ಮುಂಜಾನಿ ತ್ರಾಸು.’

‘ನಾವು ದಿನಾ ಎಷ್ಟು ಓಡ್ತೀವೋ ತಮ್ಮಾ?’

ಡ್ರೈವರ್ ಹಣೆ ತುರಿಸಿಕೊಂಡ. ‘ಎರಡು ಟ್ರಿಪ್ ಹಿಡಿದು ಮೂವತ್ತೆಂಟು ಕಿಲೋಮೀಟರ್ರಿ. ಹಬ್ಬದಾಗ ನಲವತ್ತೈದು.’

ಬೆಲೆ ಡೀಸೆಲ್ ಗಾಡಿಗಿಂತ ಹೆಚ್ಚು. ಆದರೆ ಡೀಸೆಲ್ಲಿನ ಖರ್ಚು ತೆಗೆದು ಕರೆಂಟಿನ ಬಿಲ್ಲು ಸೇರಿಸಿ ನೋಡಿದರೆ ನಾಲ್ಕು ವರ್ಷಕ್ಕೆ ಹೆಚ್ಚಿನ ಹಣ ತಿರುಗಿ ಬರುತ್ತದೆ. ಅವನೇ ಬೆರಳು ಮಡಚಿ ಎಣಿಸಿದ, ಅವನ ಲೆಕ್ಕ ತಪ್ಪುವುದಿಲ್ಲ. ಇದನ್ನು ನೆನಪಿಡಿ ತಾಯಂದಿರೇ, ಕೈಯಲ್ಲಿ ದುಡ್ಡಿಲ್ಲ ಅನ್ನುವ ನೆವ ಅವನಿಗಿರಲಿಲ್ಲ. ಕೆಲಸಕ್ಕೆ ಬಾರದ ಗಾಡಿ ಅನ್ನುವ ನೆವವೂ ಇರಲಿಲ್ಲ.

ಮೊದಲನೆಯ ದಿನ ಅವನೇ ಡ್ರೈವರನ ಪಕ್ಕ ಕೂತು ಹೊರಟ. ಕುಂಬಾರ ಓಣಿಯಲ್ಲಿ ಗಾಡಿ ನಿಂತಿತು. ಒಬ್ಬರೂ ಹೊರಗೆ ಬರಲಿಲ್ಲ. ಬರುವುದು ಹೇಗೆ? ಸದ್ದಿಲ್ಲ. ಹಿಂದಿನಿಂದ ಒಂದು ದನಿ ಕೇಳಿಸಿತು: ‘ನೀರು ಬಂದಾವ್ರೀ ಯಕ್ಕಾ! ನೀರು!’ ಯಾರಪ್ಪ ಇದು ಎಂದು ಸಾಹುಕಾರ ತಿರುಗಿ ನೋಡಿದ. ಅದೇ ಹೆಣ್ಣುಮಗಳು. ಆಕೆಗೆ ಇಂಥ ಗಂಟಲಿದೆ ಎಂದು ಅವನಿಗೆ ಗೊತ್ತೇ ಇರಲಿಲ್ಲ.

ಒಬ್ಬಾಕೆ ಕ್ಯಾನು ಹಿಡಿದು ಬಂದವಳು ಚೇಷ್ಟೆ ಮಾಡಿದಳು. ‘ಏನವಾ, ಇವತ್ತ ಕೆಮ್ಮು ಮನ್ಯಾಗ ಬಿಟ್ಟು ಬಂದೀ ಏನ?’

‘ಹೂಂನವಾ, ಅದಕ್ಕೂ ಒಂದಿನ ರಜಾ ಕೊಟ್ಟೀನಿ’ ಅಂದಳು ಈಕೆ. ಇಡೀ ಓಣಿ ನಕ್ಕಿತು. ಸಾಹುಕಾರನೂ ನಕ್ಕ. ಅವನ ಎದೆಯೊಳಗೆ ಏನೋ ಹಗುರವಾಯಿತು, ಇಷ್ಟು ವರ್ಷದ ಹೊರೆ ಇಳಿದ ಹಾಗೆ.

ಇಲ್ಲಿಗೆ ಕಥೆ ಮುಗಿದಿದ್ದರೆ ಎಷ್ಟು ಚೆನ್ನಾಗಿತ್ತು! ಆದರೆ ಮನುಷ್ಯ ಸಂಜೆ ಮನೆಗೆ ಹೋಗುತ್ತಾನೆ, ನೋಡಿ.

ನಾಲ್ಕನೆಯ ಸಂಜೆ ಮನೆಯಲ್ಲಿ ಊಟಕ್ಕೆ ಕೂತಿದ್ದಾರೆ. ಹೆಂಡತಿಯ ತಮ್ಮ ರೊಟ್ಟಿ ಮುರಿಯುತ್ತ ಅಂದ: ‘ಮಾಮಾ, ಛಲೋ ಗಾಡಿ ಹಿಡದೀ ಬಿಡು. ಯುಗಾದಿಗೆ ಶ್ರೀಶೈಲಕ್ಕ ಹೊಂಟಾಗ ಕಾಡಿನ್ಯಾಗ ನಿಂತ್ರ, ಯಾ ಗಿಡಕ್ಕ ವೈರ್ ಹಚ್ಚಾಂವ?’

ಎಲ್ಲರೂ ಗೊಳ್ಳೆಂದು ನಕ್ಕರು. ಸಾಹುಕಾರನ ಕೈಯಲ್ಲಿದ್ದ ತುತ್ತು ಅಲ್ಲೇ ನಿಂತಿತು.

ಯಾಕೆಂದರೆ ಆ ಮನೆಯಲ್ಲಿ ಒಂದು ಪದ್ಧತಿ. ವರ್ಷಕ್ಕೊಮ್ಮೆ, ಯುಗಾದಿಯ ಮುಂಚೆ, ಪಿಕಪ್ಪಿನ ಹಿಂದೆ ಹುಲ್ಲು ಹಾಸಿ, ಜಮಖಾನೆ ಹಾಸಿ, ರೊಟ್ಟಿಗಂಟು ಕಟ್ಟಿಕೊಂಡು, ಹಿರಿಯರು ಕಿರಿಯರು ಇಪ್ಪತ್ತು ಜನ ಮಲ್ಲಯ್ಯನ ದರ್ಶನಕ್ಕೆ ಹೋಗುವುದು. ಸಾಮಾನಿನ ಗಾಡಿಯಲ್ಲಿ ಜನ ತುಂಬಬಾರದು ಅಂತ ಕಾಯ್ದೆ ಇದೆ, ಅದು ಬೇರೆ ಮಾತು. ದಾರಿ ಹೋಗಲು ನಾನೂರು ಕಿಲೋಮೀಟರ್, ಬರಲು ನಾನೂರು.

‘ಮಲ್ಲಯ್ಯನ ದಾರಿಗೆ ಹೋಗಲಾರದ ಗಾಡಿ ಮನಿಗೆ ಯಾಕ ಬೇಕೋ ಯಪ್ಪಾ?’ ಅಂದಳು ತಾಯಿ.

ಮುಗಿಯಿತು. ಬೆರಳು ಮಡಚಿ ಎಣಿಸಿದ ಲೆಕ್ಕವೆಲ್ಲ ಒಂದು ಮಾತಿಗೆ ಮುಗಿಯಿತು.

ಮರುದಿನ ಶೋರೂಮಿನವನು ಗಾಡಿ ತಿರುಗಿ ಒಯ್ಯಲು ಬಂದ. ಡ್ರೈವರ್ ಕೈ ಹೊಸೆಯುತ್ತ ನಿಂತಿದ್ದ. ‘ಸಾವ್ಕಾರ್ರ, ಶ್ರೀಶೈಲದ ಎರಡು ದಿನಕ್ಕ ಬಾಡಿಗಿ ಗಾಡಿ ಹಿಡಿದ್ರ ಆಗಂಗಿಲ್ಲೇನ್ರಿ?’

‘ಮನಿ ಮುಂದ ಗಾಡಿ ನಿಂದರಿಸಿಕೊಂಡು ಬಾಡಿಗಿ ಗಾಡ್ಯಾಗ ಹೋದ್ರ ಮಂದಿ ಏನಂತಾರೋ? ಎರಡು ವರ್ಷ ತಡಿ. ನಾನೂರು ಕಿಲೋಮೀಟರ್ ಹೋಗೂದು ಬರ್ತೈತಿ. ಬಂದ ದಿನ ತರ್ತೀನಿ.’

ಆಗ ಆ ಹೆಣ್ಣುಮಗಳು ಬಾಯಿ ಬಿಟ್ಟಳು. ಜೋರಾಗಿ ಅಲ್ಲ. ‘ಸಾವ್ಕಾರ್ರ, ನಾ ಶ್ರೀಶೈಲಕ್ಕ ಹೋಗಾಕಿ ಅಲ್ರಿ. ನಾ ದಿನಾ ಕುಂಬಾರ ಓಣಿಗೆ ಹೋಗಾಕಿ.’

ಅವನು ಫೋನ್ ಬಂದ ಹಾಗೆ ಮಾಡಿ ಒಳಗೆ ಹೋದ. ಒಳಗೆ ಹೋಗಿ ಗೋಡೆ ಹಿಡಿದು ನಿಂತ, ಡೀಸೆಲ್ ಗಾಡಿ ಚಾಲೂ ಆದ ಸದ್ದು ಕೇಳಿಸುವ ತನಕ.

ಯಾರ ಆಣೆ ಇಟ್ಟಿದ್ದ ಅವನು? ಮಲ್ಲಯ್ಯನ ಆಣೆ. ಯಾರ ನೆವ ಹೇಳಿದ? ಮಲ್ಲಯ್ಯನ ನೆವ. ದೇವರ ಹೆಸರಲ್ಲಿ ಕೊಟ್ಟ ಮಾತಿನಿಂದ ಜಾರಿಕೊಳ್ಳಲು ದೇವರ ಹೆಸರನ್ನೇ ಹಿಡಿದವರನ್ನು ಎಲ್ಲಾದರೂ ಕಂಡಿದ್ದೀರಾ? ದೂರ ಹುಡುಕಬೇಡಿ.

ಯುಗಾದಿ ಬಂತು. ಇಪ್ಪತ್ತು ಜನರೂ ಹೊರಟರು. ಹೇಗೆ ಹೊರಟರು? ಸಾಹುಕಾರನ ಸೊಸೆ ಹುಲ್ಲಿನ ಮೇಲೆ ಕೂರುವುದಿಲ್ಲ ಅಂದಳು. ತಾಯಿಯ ಮೊಣಕಾಲು ಮಡಚಲು ಬರಲಿಲ್ಲ. ಹೆಂಡತಿಯ ತಮ್ಮನೇ ಓಡಾಡಿ ಎ.ಸಿ. ಮಿನಿಬಸ್ ಬಾಡಿಗೆಗೆ ತಂದ. ಪಿಕಪ್ಪು ಶ್ರೀಶೈಲಕ್ಕೆ ಹೋಗಲೇ ಇಲ್ಲ! ಆ ಎರಡು ದಿನವೂ ಅದು ಕುಂಬಾರ ಓಣಿಯಲ್ಲೇ ಗುಡುಗುಡು ಅನ್ನುತ್ತ ನಿಂತಿತ್ತು.

ದರ್ಶನದ ಸಾಲಿನಲ್ಲಿ ನಿಂತಾಗ ಸಾಹುಕಾರನ ಫೋನು ಬಡಿದುಕೊಂಡಿತು. ಡ್ರೈವರ್. ‘ಸಾವ್ಕಾರ್ರ, ಇಕಿ ಕುಂತಾಕಿ ಏಳವಲ್ಲಳ್ರಿ. ಉಸರು ಹಿಡಿಯಾಕತ್ತೈತ್ರಿ.’

‘ದವಾಖಾನಿಗೆ ಕರ್ಕೊಂಡು ಹೋಗೋ, ಗಾಡಿ ಐತೆಲ್ಲ ಕೈಯಾಗ!’

ಹೌದು, ಗಾಡಿ ಇತ್ತು. ಖಾಲಿ ಕ್ಯಾನುಗಳ ನಡುವೆ ಮಲಗಿಸಿ ಕರೆದೊಯ್ದ. ಡಾಕ್ಟರು ಎದೆಯ ಎಕ್ಸ್-ರೇ ತೆಗೆದು ನೋಡಿ ಕೇಳಿದರು: ‘ಕಟಗಿ ಒಲಿ ಮುಂದ ಅಡಗಿ ಮಾಡ್ತೀ ಏನವಾ?’

‘ಇಲ್ರಿ, ಗ್ಯಾಸ್ ಐತ್ರಿ.’

‘ಮನ್ಯಾಗ ಬೀಡಿ ಸೇದ್ತಾರೇನು?’

‘ಇಲ್ರಿ.’

‘ಮತ್ತ ಇಷ್ಟು ಹೊಗಿ ಎಲ್ಲಿಂದ ಬಂತು?’

ಆಕೆ ಗಂಡನ ಮುಖ ನೋಡಿದಳು. ಗಂಡ ನೆಲ ನೋಡಿದ. ಮೂರು ತಿಂಗಳು ಮನೆಯಲ್ಲಿ ದಿಂಬಿಗೆ ಒರಗಿಕೊಂಡೇ ಕೂತಿದ್ದಳು. ಮಲಗಿದರೆ ಉಸಿರು ಸಿಗುತ್ತಿರಲಿಲ್ಲ. ಆಷಾಢದಲ್ಲಿ ತೀರಿಕೊಂಡಳು. ಸಾಹುಕಾರ ಹಾರ ತಂದ, ಮಣ್ಣು ಕೊಟ್ಟ, ಖರ್ಚಿಗೂ ಕೊಟ್ಟ. ಅತ್ತ. ನಿಜವಾಗಿಯೂ ಅತ್ತ.

ದಸರೆಗೆ ಕರೆಂಟಿನ ಪಿಕಪ್ ಕೊಂಡ. ಆ ಊರಿಗೆ ಅದು ಆರನೆಯದೋ ಏಳನೆಯದೋ. ಈಗ ದಿನಾ ಸಂಜೆ ಗಾಡಿ ಅಂಗಳಕ್ಕೆ ಬಂದು ನಿಂತಾಗ ಸಾಹುಕಾರ ಮೀಟರ್ ನೋಡುತ್ತಾನೆ. ಅರ್ಧಕ್ಕಿಂತ ಹೆಚ್ಚು ಚಾರ್ಜ್ ಉಳಿದಿರುತ್ತದೆ. ಒಂದು ದಿನವೂ ಕಡಿಮೆ ಬಿದ್ದಿಲ್ಲ. ‘ಹ್ಯಾಂಗೈತೋ ಗಾಡಿ?’ ಎಂದು ಕೇಳಿದರೆ ಡ್ರೈವರ್ ‘ಸಾಕಾಗ್ತೈತ್ರಿ’ ಅನ್ನುತ್ತಾನೆ.

ಈಗ ನಿಮ್ಮ ಕಡೆ ಬರೋಣ. ಬರಲೇಬೇಕಲ್ಲ.

ನಿಮ್ಮಲ್ಲಿ ಗಾಡಿ ಇದ್ದವರು ಎಷ್ಟು ಜನ ಕೂತಿದ್ದೀರಿ? ನಿಮ್ಮ ಗಾಡಿ ನಿಜವಾಗಿ ದಿನಾ ಇನ್ನೂರು ಮುನ್ನೂರು ಕಿಲೋಮೀಟರ್ ಓಡುವುದಾದರೆ, ಘಟ್ಟ ಹತ್ತಿ ಇಳಿಯುವುದಾದರೆ, ಕರೆಂಟಿನ ಗಾಡಿ ಸದ್ಯಕ್ಕೆ ನಿಮಗಲ್ಲ, ನಾನೇ ಹೇಳುತ್ತೇನೆ. ಯಾರೋ ಹೊಗಳಿದರೆಂದು ಕೊಳ್ಳಬೇಡಿ. ಆದರೆ ಊರೊಳಗೇ ಸುತ್ತುವವರು ನೀವಾದರೆ, ಒಂದು ವಾರ ಗೋಡೆಯ ಕ್ಯಾಲೆಂಡರಿನಲ್ಲಿ ಬರೆಯಿರಿ, ಇವತ್ತು ಎಷ್ಟು ದೂರ ಹೋದೆ, ಎಷ್ಟು ಹೇರಿದೆ ಎಂದು. ಬರೆದದ್ದನ್ನು ಬೀಗರಿಗೆ ತೋರಿಸಬೇಡಿ, ಗಾಡಿಯ ಹಿಂದೆ ನಿಲ್ಲುವವರಿಗೆ ತೋರಿಸಿ, ಅವರನ್ನು ಕೇಳಿ. ಹೊಸದು ಕೊಳ್ಳುವ ಶಕ್ತಿ ಇಲ್ಲವೇ? ಇಲ್ಲದಿದ್ದರೆ ಇಲ್ಲ, ಪಾಪವಲ್ಲ. ನಿಂತಲ್ಲಿ ಎಂಜಿನ್ ಬಂದ್ ಮಾಡಿ. ನಾಳೆ ಬೆಳಗ್ಗೆಯಿಂದಲೇ ಮಾಡಿ. ಅದಕ್ಕೆ ಯಾವ ಶೋರೂಮಿಗೂ ಹೋಗಬೇಕಿಲ್ಲ.

ಗಾಡಿ ಇಲ್ಲದವರು ಸುಮ್ಮನೆ ಕೂರಬೇಡಿ, ನಿಮಗೂ ಇದೆ. ವರ್ಷಕ್ಕೊಮ್ಮೆ ಬರುವ ನೆಂಟರಿಗಾಗಿ ಗಾಳಿ ಬೆಳಕಿನ ಕೋಣೆಗೆ ಕೀಲಿ ಹಾಕಿ, ಕಿಟಕಿಯಿಲ್ಲದ ಕೋಣೆಯಲ್ಲಿ ಸೊಸೆಯನ್ನು ಮಲಗಿಸಿದವರು ಯಾರು? ಮದುವೆಗೆ ಬೇಕಾಗುತ್ತದೆ ಎಂದು ಹೊಸ ಹಂಡೆ ಅಟ್ಟಕ್ಕೇರಿಸಿ, ಸೋರುವ ಹಂಡೆಗೆ ದಿನಾ ನೀರು ಹೊರಿಸುವವರು ಯಾರು? ಇವತ್ತು ಹೋದ ಕೂಡಲೇ ಆ ಕೀಲಿ ತೆಗೆಯಿರಿ, ಆ ಹಂಡೆ ಇಳಿಸಿರಿ. ಹಬ್ಬದ ಒಂದು ದಿನಕ್ಕಾಗಿ ಉಳಿದ ಅಷ್ಟೂ ದಿನ ಒಬ್ಬರ ಉಸಿರು ಕಟ್ಟಿಸಬೇಡಿ.

ಆ ಸಾಹುಕಾರ ಈಗಲೂ ನಾಲ್ಕು ಜನ ಕೂಡಿದಲ್ಲಿ ಹೇಳುತ್ತಾನಂತೆ, ‘ಆಕಿಗೆ ಮಾತು ಕೊಟ್ಟಿದ್ದೆ, ತಡಾ ಆದ್ರೂ ಉಳಿಸಿಕೊಂಡೆ’ ಎಂದು. ಕೇಳಿದವರು ಹೌದು ಹೌದು ಅನ್ನುತ್ತಾರೆ. ನೀವು ಅನ್ನಬೇಡಿ.

ಅವನು ಮಾತು ಉಳಿಸಿಕೊಳ್ಳಲಿಲ್ಲ.