ಮಾತ್ರೆ ಬಿಟ್ಟವರ ಸಾಲು

ಗುಬ್ಬಿಯ ಔಷಧಿ ಅಂಗಡಿಯ ಸಾಲಿನಲ್ಲಿ ಮೈತ್ರೇಯಿಯ ಮುಂದೆ ಮಾವ, ಅಳಿಯ ನಿಂತಿದ್ದರು. ಮಾವನ ಕೈಯಲ್ಲಿ ಡಾಕ್ಟರ ಚೀಟಿ, ಅಳಿಯನ ಕೈಯಲ್ಲಿ ಮೊಬೈಲು.

“ಚೀಟಿ ಜೇಬಲ್ಲಿ ಇಟ್ಕೊಳಿ ಮಾವ. ಶುಗರ್‌ಗೆ ಮಾತ್ರೆ ಬೇಡ್ವೇ ಬೇಡ ಅಂತ ವಾದಿರಾಜ್ ಸಾರ್ ಪಾಡ್‌ಕಾಸ್ಟಲ್ಲಿ ಹೇಳವ್ರೆ. ಎರಡು ಗಂಟೆ!”

“ಡಾಕ್ಟ್ರು ಬೇಕು ಅಂದ್ರಲ್ಲಪ್ಪ?”

“ಡಾಕ್ಟ್ರು ಎಷ್ಟೊತ್ತು ಮಾತಾಡಿದ್ರು?”

“ಎರಡು ನಿಮಿಷ.”

“ನೋಡಿ ಮತ್ತೆ!”

“ಆ ಸಾರ್‌ಗೂ ಶುಗರ್ ಐತಾ?”

“ಇತ್ತು. ಮಾತ್ರೆ ಮುಟ್ಟಿ ಎಂಟು ವರ್ಷ ಆಯ್ತಂತೆ. ದಿನಾ ಕಡಬದ ಕೆರೆ ಏರಿ ಮೇಲೆ ಏಳು ಕಿಲೋಮೀಟ್ರು ನಡೀತಾರೆ. ವಿಡಿಯೋನೇ ಐತೆ.”

ಆ ವಿಡಿಯೋ ತೆಗೆದವಳು ಮೈತ್ರೇಯಿಯೇ. ಅವಳ ಗಂಡ ವಾದಿರಾಜ ಅವತ್ತು ಏರಿಯ ಮೇಲೆ ಇಪ್ಪತ್ತು ಹೆಜ್ಜೆ ಹಾಕುವಷ್ಟರಲ್ಲಿ ಉಸ್ಸಪ್ಪಾ ಎಂದು ಕಾರು ಹತ್ತಿದ್ದ.

“ಹಂಗಾದ್ರೆ ಬುಡು, ನಡಿಯಪ್ಪ ಹೋಗಾನ,” ಎಂದು ಮಾವ ಸಾಲು ಬಿಟ್ಟು ಮೆಟ್ಟಿಲಿಳಿದರು. ಅಳಿಯನೂ ಹಿಂದೆಯೇ ಇಳಿದ.

ಪ್ರತಿ ಸಲ ಗಂಡನ ಚೀಟಿಯನ್ನು ಮಡಚಿ, ಹೆಸರೆತ್ತದೆ ಕೊಡುತ್ತಿದ್ದ ಮೈತ್ರೇಯಿ ಇವತ್ತು ಬೀದಿಗೆ ಕೇಳುವಂತೆ ಹೇಳಿದಳು:

“ಪಾಡ್‌ಕಾಸ್ಟ್ ವಾದಿರಾಜ್ ಇದಾರಲ್ಲ, ನಮ್ಮನೆಯವರು, ಅವರ ಶುಗರ್ ಮಾತ್ರೆ ಕೊಡಿ. ಯಾವಾಗ್ಲೂ ಕೊಡೋ ಹಾಗೆ ಮೂರು ತಿಂಗಳಿಗೆ.”

ಮೆಟ್ಟಿಲ ಕೆಳಗೆ ಇಬ್ಬರೂ ತಿರುಗಿ ನೋಡಿದರು. ಮಾವನಿಗಿಂತ ಮೊದಲು ಅಳಿಯನೇ ಓಡಿ ಬಂದು ಕೌಂಟರಿಗೆ ಕೈಯೂರಿದ.

“ಅಣ್ಣಾ, ನಮ್ಮ ಮಾವನ ಚೀಟಿ ನೋಡ್ಬೇಡಿ. ಸಾರ್ ತಗೊಳೋ ಮಾತ್ರೇನೇ ನಮಗೂ ಕೊಟ್ಬುಡಿ!”