ಒದ್ದೆ ಕಾಜಾ

ಇದು ನಮ್ಮ ಎದುರುಮನೆ ಟೈಲರಮ್ಮನ ಮನೆಯಲ್ಲಿ ನಡೆದದ್ದು. ಕತೆ ಕಟ್ಟುತ್ತಿದ್ದಾಳೆ ಅನ್ನೋರು ಈಗಲೇ ಎದ್ದು ಹೋಗಬಹುದು... ದಾರಿಯಲ್ಲಿ ಆ ಬಾವಿ ಸಿಗುತ್ತೆ, ಅಷ್ಟೇ.

ಟೈಲರಮ್ಮನ ಜೊತೆ ಅವಳ ತಂಗಿ ಇದ್ದಳು. ಮಿಷನ್ ಅಕ್ಕನದು, ಕೈಹೊಲಿಗೆ ತಂಗಿಯದು. ಶಾಲೆ ಅಂಗಿಗಳಿಗೆ ಕಾಜಾ ಮಾಡುತ್ತಿದ್ದಳು. ಅದೇ, ಗುಂಡಿ ತೂರಿಸುವ ತೂತಿನ ಸುತ್ತ ಹೊಲಿಯುವುದು. ದಾರದ ತುದಿ ಬಾಯಲ್ಲಿ ಒದ್ದೆ ಮಾಡಿ, ಸೂಜಿಗೆ ಪೋಣಿಸಿ ಕೂತರೆ ಕತ್ತೆತ್ತುತ್ತಿರಲಿಲ್ಲ. ಅಂಥವಳಿಗೆ ಆ ಕಾಯಿಲೆ ಬಂತು. ಸೂಜಿ ಎತ್ತಿದರೆ ಬಂಡೆ ಎತ್ತಿದ ಹಾಗೆ. ತಲೆ ಬಾಚಲ್ಲ, ಮಾತಾಡಲ್ಲ, ಗೋಡೆಗೆ ಮುಖ ಮಾಡಿ ಮಲಗೋದು. ಡಾಕ್ಟರು ಖಿನ್ನತೆ ಅಂದರು, ಮಾತ್ರೆ ಕೊಟ್ಟರು.

"ಖಿನ್ನತೆ ನಮಗೂ ಬರ್ತಿತ್ತು," ಅಂದ ಅವಳ ಭಾವ. "ಪುರುಸೊತ್ತಿಲ್ಲ ನೋಡು."

ಬೀದಿಯೆಲ್ಲ ನಕ್ಕಿತು. ಮಾತ್ರೆ ನುಂಗಿದರೆ ಇನ್ನೂ ಮಲಗುತ್ತಾಳೆ ಅಂತ ಅಕ್ಕ ಅದನ್ನು ಗುಂಡಿ ಡಬ್ಬದ ತಳದಲ್ಲಿ ಬಚ್ಚಿಟ್ಟಳು.

ಒಂದು ರಾತ್ರಿ ಅಕ್ಕತಂಗಿ ಬಟ್ಟೆ ಗಂಟು ಹೊತ್ತು ಬರುತ್ತಿದ್ದರು. ಹಳೇ ಬಾವಿ ಹತ್ತಿರ ತಂಗಿ ಕಟ್ಟೆ ಮೇಲೆ ಕೂತುಬಿಟ್ಟಳು.

"ಆಗ್ತಿಲ್ಲ ಅಕ್ಕ."

"ಯಾಕೆ, ಕಾಲು ಮುರಿದಿದ್ಯಾ?"

"ಇಲ್ಲ..."

"ಹಾಗಾದ್ರೆ ಇಲ್ಲೇ ಬಿದ್ದಿರು. ನಂಗೆ ನಗ್ತಾ ದುಡಿಯೋ ತಂಗಿ ಬೇಕು."

ಗಂಟನ್ನು ತಾನೇ ಎತ್ತಿಕೊಂಡು ಹೊರಟಳು. ಹಿಂದೆ... ಕಿರ್ರ್. ಕಿರ್ರ್. ಬಾವಿಯ ರಾಟೆ. ಅದರಲ್ಲಿ ಹಗ್ಗವೇ ಇಲ್ಲ. ಆಮೇಲೆ ಪಚಕ್ ಪಚಕ್ ಅಂತ ಹೆಜ್ಜೆ. ತಣ್ಣನೆಯ ಕೈಯೊಂದು ಗಂಟು ಹಿಡಿಯಿತು.

"ಕೊಡಕ್ಕ. ನಾನು ಹೊರ್ತೀನಿ."

ತಂಗಿಯೇ. ನಗುತ್ತಿದ್ದಳು.

ಬೆಳಗಾಗುವ ಮುಂಚೆ ಎದ್ದು ಮನೆ ಗುಡಿಸಿದಳು. ತಲೆ ಬಾಚಿದಳು. ಹಾಡು ಗುನುಗುತ್ತಾ ಕಾಜಾಗೆ ಕೂತಳು. ಭಾವನಿಗೆ ಖುಷಿಯೋ ಖುಷಿ. "ನೋಡಿದ್ಯಾ? ಮೈಗಳ್ಳತನಕ್ಕೆ ನಿನ್ನ ಬಾಯೇ ಮದ್ದು," ಅಂದ ಹೆಂಡತಿಗೆ.

ಟೈಲರಮ್ಮ ಮಾತ್ರ ಒಂದು ವಿಷಯ ಗಮನಿಸಿದಳು. ಇವಳು ದಾರ ಬಾಯಿಗೆ ಇಡುತ್ತಲೇ ಇಲ್ಲ. ಆದರೂ ತುದಿ ಒದ್ದೆ... ತೊಟ್ಟಿಕ್ಕುವಷ್ಟು. ನೋಡಿದಳು. ನೋಡಿ, ಇನ್ನೊಂದು ಅಂಗಿ ಅವಳ ಮುಂದೆ ಎಸೆದಳು.

ಅವತ್ತು ರಾತ್ರಿ ಬಾಗಿಲಲ್ಲಿ ಸದ್ದು. ಟೊಕ್... ಟೊಕ್.

"ಅಕ್ಕ... ನಾನು. ಕಟ್ಟೆಯಿಂದ ಈಗ ಏಳೋಕಾಯ್ತು."

ಒಳಗೆ ಕಾಜಾ ಮಾಡುತ್ತಿದ್ದವಳ ಸೂಜಿ ನಿಂತಿತು. "ಯಾರಕ್ಕ? ತೆಗೀಲಾ?" ನಗುತ್ತಲೇ ಕೇಳಿದಳು.

ಟೈಲರಮ್ಮ ಬಾಗಿಲು ನೋಡಿದಳು. ಬೆಳಗ್ಗೆ ಕೊಡಬೇಕಾದ ಅಂಗಿಗಳ ರಾಶಿ ನೋಡಿದಳು.

"ನಾನು ಒಳಗೆ ಬರಲ್ಲ," ಹೊರಗಿನ ಪಿಸುಮಾತು. "ಮಾತ್ರೆ ಕೊಡು, ಸಾಕು. ಗುಂಡಿ ಡಬ್ಬದಲ್ಲಿದೆ... ಗೊತ್ತು ನಂಗೆ."

ಅಕ್ಕನ ಕೈ ಡಬ್ಬದ ಹತ್ತಿರ ಹೋಯಿತು. ಮುಚ್ಚಳ ಬಿಗಿಯಾಗಿ ಒತ್ತಿದಳು. ಟಪ್.

"ಯಾರೂ ಇಲ್ಲ. ನೀನು ಹೊಲಿ."

ಹೊರಗಿಂದ ಅದೇ ಪಿಸುಮಾತು.

"ಸರಿ ಅಕ್ಕ."

ಚಪ್ಪಲಿ ಎಳೆದುಕೊಂಡು ಹೋದ ಸದ್ದು. ಸರ್... ಸರ್... ಬಾವಿಯ ಕಡೆಗೆ.

ಇದನ್ನು ನನಗೆ ಹೇಳಿದ್ದು ಟೈಲರಮ್ಮನೇ. ನನ್ನ ಮಗನ ಅಂಗಿಗೆ ಅಳತೆ ತೆಗೆಯುತ್ತಾ, ಬಾಯಲ್ಲಿ ಪಿನ್ನು ಕಚ್ಚಿಕೊಂಡು ಹೇಳಿದಳು. ಕೊನೆಗೆ, "ಈಗ ಎಷ್ಟು ಚೆನ್ನಾಗಿದ್ದಾಳೆ ಗೊತ್ತಾ," ಅಂದಳು. ಒಳಗೆ ಯಾರೋ ಗುನುಗುತ್ತಿದ್ದರು.

ಸುಳ್ಳು ಅಂತೀರಾ? ಅಂಗಿ ಅಗೋ, ಹಗ್ಗದ ಮೇಲಿದೆ. ವಾರದಿಂದ ಬಿಸಿಲಿಗೆ ಹಾಕುತ್ತಿದ್ದೇನೆ. ತೋಳು ಒಣಗಿದೆ, ಕಾಲರ್ ಒಣಗಿದೆ. ಕಾಜಾ ಮುಟ್ಟಿ ನೋಡಿ.