ಜೋಡಿ ಮೋರ್‌ಪಂಖಿ

ಶಹಾಪುರದ ಬಸ್ಸಿನಲ್ಲಿ ನನ್ನ ಮುಂದಿನ ಸೀಟಿಗೆ ಅಂಬವ್ವ, ಆಕೆಯ ತಂಗಿ ಸುಕನ್ಯಾ ಬಂದು ಕೂತರು. ಅಂಬವ್ವನದು ನೇರ ಫೈಟ್ ಸೀನಿನ ಎಂಟ್ರಿ.

"ನಾಳಿ ಮಗಳ್ನ ನೋಡಾಕ ಬರ್ತಾರ. ಬಾಗಿಲ ಮುಂದಿನ ಜೋಡಿ ಮೋರ್‌ಪಂಖಿ ಗಿಡದಾಗ ಒಂದಕ್ಕ ಬೂಷ್ಟ ಹತ್ತಿ ಎಲಿ ಕೆಂಪಾಗ್ಯಾವ."

"ಕಿತ್ತು ಸುಡು ಅಕ್ಕಾ. ಇನ್ನೊಂದಕ್ಕೂ ಹರಡ್ತದ."

"ಒಂಟಿ ಗಿಡ ಕಂಡ್ರ ಅಪಶಕುನ ಅಂತಾರ. ನಿನ್ನ ಮನಿ ಕುಂಡದಾಗಿನ ಜೋಡಿಯೊಳಗ ಒಂದು ಕೊಡು, ನಾಳಿ ಒಂದಿನ."

"ಸೀರಿ ಕೊಟ್ಟೀನಿ, ಕಪ್ಪು-ಬಸಿ ಕೊಟ್ಟೀನಿ. ಗಿಡ ಕೊಡಂಗಿಲ್ಲ. ನಿನ್ನ ಗಿಡದ ರೋಗ ಹೊತ್ಕೊಂಡು ಬರ್ತದ."

"ನನ್ನ ಮಗಳಿಗಿಂತ ಗಿಡ ದೊಡ್ಡದೇನ?"

"ಮಗಳು ಹೋಗಾಕೇ ಹುಟ್ಯಾಳ. ಗಿಡ ಇರಾಕ ಹಚ್ಚೀನಿ."

ಥಿಯೇಟರ್ ಆಗಿದ್ದರೆ ಸೀಟಿ ಹೊಡೆಯುತ್ತಿದ್ದೆ. ಅಂಬವ್ವ ಸೆರಗು ಸೊಂಟಕ್ಕೆ ಸಿಗಿಸಿದಳು.

"ಹಂಗಾರ ಅವರ್ನ ನಿನ್ನ ಮನಿಗೇ ಕರಸ್ತೀನಿ."

ಸುಕನ್ಯಾ ದಡಕ್ಕನೆ ಎದ್ದಳು.

"ಲಗೂನ ಇಳಿ ಅಕ್ಕಾ! ಪಡಸಾಲಿ ತುಂಬ ಹತ್ತಿ ಒಟ್ಟೀವಿ, ಅವರು ಬರೂದ್ರಾಗ ತೆಗೀಬೇಕು!"